ಕಾರ್ಖಾನೆ ಅಂಗಳದ ಮಳೆನೀರು: ಕೊಪ್ಪಳ, ಬಳ್ಳಾರಿ, ರಾಯಚೂರಿನ ಉದ್ಯಮಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಿಣಿಗೇರಿಯಲ್ಲಿ ಅದಿರಿನಿಂದ ಸ್ಪಾಂಜ್ ಐರನ್ ಎಂಬ ಕಚ್ಚಾ ಕಬ್ಬಿಣ ಮಾಡುವ ಘಟಕದವರು, ಕಾರಟಗಿ, ಸಿಂಧನೂರಿನ ರೈಸ್ ಮಿಲ್‌ನವರು, ಬಳ್ಳಾರಿಯ ಜೀನ್ಸ್ ವಾಷಿಂಗ್‌ನವರು, ಸಂಡೂರಿನ ಅದಿರು ಸ್ಟಾಕ್‌ಯಾರ್ಡ್‌ನವರು, ಶಕ್ತಿನಗರದ ಸುತ್ತ ಹಾರುಬೂದಿ ಇಟ್ಟಿಗೆ ಮಾಡುವವರು. ಇವರ ಕಸುಬು ಬೇರೆ ಬೇರೆ. ಆದರೆ ಮುಂಗಾರು ಹತ್ತಿರ ಬಂತೆಂದರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮಾಲೀಕರಿಗಿಂತ ಹೆಚ್ಚಾಗಿ ಸೂಪರ್‌ವೈಸರ್‌ಗಳಿಗೆ ಉಪಯೋಗವಾಗಲಿ ಎಂದು ಉತ್ತರ ಬರೆದಿದೆ. ಮಳೆ ಬಿದ್ದ ಹೊತ್ತಿನಲ್ಲಿ ಯಾರ್ಡಿನಲ್ಲಿ ನಿಂತಿರುವವರು ಅವರೇ.

ಮಳೆನೀರಿಗೂ ಪರ್ಮಿಟ್ ಬೇಕಾ? ಅದು ನಾವು ಬಿಟ್ಟ ನೀರಲ್ಲವಲ್ಲ?

ಮಳೆನೀರಿಗೆಂದೇ ಬೇರೆ ಪರ್ಮಿಟ್ ನಮ್ಮಲ್ಲಿಲ್ಲ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸ್ಥಾಪನಾ ಸಮ್ಮತಿ ಮತ್ತು ಚಾಲನಾ ಸಮ್ಮತಿ, ಅಂದರೆ ಎಲ್ಲರ ಬಾಯಲ್ಲಿರುವ ಸಿಎಫ್‌ಇ ಮತ್ತು ಸಿಎಫ್‌ಒ, ಇವುಗಳ ಷರತ್ತುಗಳೊಳಗೇ ಅದು ಸೇರಿಕೊಂಡಿದೆ. ದೊಡ್ಡ ಘಟಕವಾಗಿ ಪರಿಸರ ಅನುಮತಿ ಪಡೆದಿದ್ದರೆ ಆ ಪತ್ರದಲ್ಲೂ ಎರಡು ಮೂರು ಷರತ್ತು ಇದ್ದೇ ಇರುತ್ತವೆ.

"ನಾವು ಬಿಟ್ಟಿದ್ದಲ್ಲ, ಮೇಲಿಂದ ಬಿದ್ದದ್ದು" ಎಂಬ ವಾದ ಕಾನೂನಿನ ಮುಂದೆ ನಿಲ್ಲುವುದಿಲ್ಲ. 1974ರ ಜಲ ಕಾಯ್ದೆಯ ಪ್ರಕಾರ ಉದ್ಯಮ ನಡೆಯುವ ಜಾಗದಿಂದ ಹೊರಬೀಳುವ, ಮನೆಬಳಕೆಯ ಕೊಳಚೆಯಲ್ಲದ ಯಾವುದೇ ದ್ರವವೂ ಉದ್ಯಮದ ತ್ಯಾಜ್ಯ. ಮೋಡದಿಂದ ಬಿದ್ದಾಗ ಅದು ಮಳೆ, ನಿಮ್ಮ ಚಾರ್ (ಅರ್ಧ ಸುಟ್ಟ ಕಲ್ಲಿದ್ದಲ ಕರಿ ಪುಡಿ) ರಾಶಿಯ ಮೇಲಿಂದ ಇಳಿದು ಗೇಟು ದಾಟಿದಾಗ ನಿಮ್ಮ ನೀರು. ಈ ಪುಟದಲ್ಲಿರುವ ಉಳಿದ ಉತ್ತರಗಳೆಲ್ಲ ಇದೇ ಮಾತಿನ ವಿವರಣೆ.

ಅಮೆರಿಕದಲ್ಲಿ ಇದಕ್ಕೇ ಪ್ರತ್ಯೇಕ ಪರ್ಮಿಟ್ ಇದೆಯಂತೆ?

ಇದೆ. ಅಲ್ಲಿನ ಶುದ್ಧ ನೀರಿನ ಕಾಯ್ದೆಗೆ 1987ರಲ್ಲಿ ತಿದ್ದುಪಡಿಯಾಯಿತು, 1990ರಲ್ಲಿ ನಿಯಮ ಬಂತು. ಇಂತಿಂಥ ಬಗೆಯ ಕೈಗಾರಿಕೆಗಳು ಮಳೆನೀರಿಗೆಂದೇ ಪರ್ಮಿಟ್ ಪಡೆಯಬೇಕು, ಮಳೆನೀರಿನ ಮಾಲಿನ್ಯ ತಡೆಯುವ ಯೋಜನೆಯೊಂದನ್ನು ಬರೆದಿಟ್ಟುಕೊಳ್ಳಬೇಕು ಎಂದಾಯಿತು. ಮಳೆಗೆ ಏನೂ ತಾಗದಂತೆ ಎಲ್ಲವನ್ನೂ ಸೂರಿನಡಿ ಇಟ್ಟವರು ಹಾಗೆಂದು ಪ್ರಮಾಣಪತ್ರ ಕೊಟ್ಟರೆ ಪರ್ಮಿಟ್ಟಿನಿಂದ ವಿನಾಯಿತಿಯೂ ಉಂಟು.

ನಮ್ಮಲ್ಲಿ ಆ ವಿನಾಯಿತಿ ಇಲ್ಲ. ಆದರೂ ಅದರ ಹಿಂದಿನ ಲೆಕ್ಕಾಚಾರ ಇಲ್ಲಿಗೂ ಸರಿಹೊಂದುತ್ತದೆ. ಸೂರಿಗೆ ಹಾಕಿದ ದುಡ್ಡು ಕೊಳೆಯಾದ ಮಳೆನೀರು ಹಿಡಿಯುವ ಹೊಂಡಕ್ಕೆ ಹಾಕುವ ದುಡ್ಡನ್ನು ಉಳಿಸುತ್ತದೆ.

ನಮ್ಮದು ಬರದ ನಾಡು. ಮಳೆಯೇ ಇಲ್ಲದ ಕಡೆ ಇಷ್ಟೆಲ್ಲ ಯಾಕೆ?

ಮೂರೂ ಜಿಲ್ಲೆಗಳಲ್ಲಿ ವರ್ಷದ ಸರಾಸರಿ ಮಳೆ 600 ಮಿ.ಮೀ. ಆಸುಪಾಸು, ನಿಜ. ಆದರೆ ಬೀಳುವ ರೀತಿ ನೋಡಿ. ತಿಂಗಳುಗಟ್ಟಲೆ ಒಂದು ಹನಿ ಇಲ್ಲ. ಅಷ್ಟೂ ದಿನ ಅದಿರಿನ ಪುಡಿ, ಕಲ್ಲಿದ್ದಲ ಪುಡಿ, ಹೊಟ್ಟಿನ ಬೂದಿ, ಟಿಪ್ಪರ್ ಸೋರಿಸಿದ ಆಯಿಲ್ ಎಲ್ಲ ಅಂಗಳದಲ್ಲಿ, ಶೆಡ್ಡಿನ ತಗಡಿನ ಮೇಲೆ ಪದರ ಪದರವಾಗಿ ಕೂರುತ್ತವೆ. ಆಮೇಲೆ ಒಂದು ಸಂಜೆ ಗಾಳಿ, ಗುಡುಗು, ಅರ್ಧ ಗಂಟೆಯ ಅಡ್ಡಮಳೆ. ಎಲ್ಲವೂ ಒಂದೇ ಸಲಕ್ಕೆ ಹಳ್ಳಕ್ಕೆ. ಮಲೆನಾಡಿನಲ್ಲಿ ದಿನವೂ ಸ್ವಲ್ಪ ಸ್ವಲ್ಪ ತೊಳೆದು ಹೋಗುವುದು ಇಲ್ಲಿ ಎರಡು ಮೂರು ದೊಡ್ಡ ಮಳೆಗಳಲ್ಲಿ ಹೋಗುತ್ತದೆ. ಇನ್ನು ಉತ್ತರಿ, ಹಸ್ತ ಮಳೆಗಳು ಜೋರು ಹಿಡಿದರೆ ಏನಾಗುತ್ತದೆಂದು 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಕಂಡವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. "ನಮ್ಮ ಹಿಂದಿನ ಹಳ್ಳದಲ್ಲಿ ನೀರೇ ಇಲ್ಲ, ಬರೀ ಜಾಲಿ" ಎನ್ನುತ್ತಾರೆ. ಜಲ ಕಾಯ್ದೆ ಹರಿಯುವ ನೀರಿಗೆ ಕೊಡುವ ವ್ಯಾಖ್ಯೆಯಲ್ಲಿ "ಸದ್ಯಕ್ಕೆ ಒಣಗಿರುವ" ಹಳ್ಳವೂ ಸೇರಿದೆ, ನೆಲದಡಿಯ ನೀರೂ ಸೇರಿದೆ. ಈ ಸೀಮೆಗೆಂದೇ ಬರೆದ ಹಾಗಿದೆ ಆ ಸಾಲು.

ಅಂಗಳದ ಎಲ್ಲ ನೀರನ್ನೂ ಹಿಡಿದಿಡಬೇಕೇ?

ಬೇಡ. ಹಾಗೆ ಮಾಡಹೊರಟವರೇ ಕೊನೆಗೆ ಏನನ್ನೂ ಹಿಡಿಯಲಾಗದೆ ಕೂರುತ್ತಾರೆ. ಮೊದಲು ನೀರನ್ನು ಬೇರೆ ಮಾಡಿ.

ಮೇಲ್ಭಾಗದ ಹೊಲ, ಗುಡ್ಡ, ರಸ್ತೆಯಿಂದ ಬರುವ ನೀರು ನಿಮ್ಮದಲ್ಲ. ಅದು ಕಾಂಪೌಂಡ್ ಒಳಗೆ ಕಾಲಿಡದಂತೆ ಸುತ್ತ ಗಟಾರ ತೋಡಿ ಹಳ್ಳಕ್ಕೆ ದಾರಿ ಬಿಡಿ. ಆಫೀಸು, ಕ್ಯಾಂಟೀನು, ಗೋದಾಮಿನ ಚಾವಣಿ ನೀರು ಬಹುಪಾಲು ಚೊಕ್ಕ. ಅದನ್ನು ಪೈಪಿನಲ್ಲೇ ಇಳಿಸಿ ಸಂಪಿಗೆ ತುಂಬಿಕೊಂಡರೆ ಟ್ಯಾಂಕರ್ ನೀರಿನ ಖರ್ಚು ಉಳಿಯುತ್ತದೆ. ಆದರೆ ಕಿಲನ್ (ಅದಿರು ಸುಡುವ ಕುಲುಮೆ) ಪಕ್ಕದ, ಬಾಯ್ಲರ್ ಚಿಮಣಿ ಕೆಳಗಿನ ಶೆಡ್ಡುಗಳ ಚಾವಣಿ ಈ ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆ ಏಣಿ ಹಾಕಿ ಹತ್ತಿ ತಗಡಿನ ಮೇಲೆ ಕೈಯಾಡಿಸಿ ನೋಡಿ, ಗೊತ್ತಾಗುತ್ತದೆ.

ಉಳಿದದ್ದು ಯಾರ್ಡ್, ವೇ ಬ್ರಿಡ್ಜ್ ದಾರಿ, ಲೋಡಿಂಗ್ ಜಾಗ, ಡೀಸೆಲ್ ಬಂಕು, ಗ್ಯಾರೇಜು. ನೀವು ಹಿಡಿಯಬೇಕಾದ್ದು ಈ ನೀರನ್ನು. ನೆಲ ತೊಳೆದ ನೀರು, ಹೊಗೆ ತೊಳೆಯುವ ಸ್ಕ್ರಬ್ಬರ್ ನೀರು, ತ್ಯಾಜ್ಯನೀರು ಶುದ್ಧೀಕರಿಸುವ ಘಟಕದ (ಇಟಿಪಿ) ನೀರು ಮಾತ್ರ ಯಾವ ಕಾರಣಕ್ಕೂ ಇದರ ಜೊತೆ ಸೇರಬಾರದು.

ಹೊಸದಾಗಿ ಕಟ್ಟುತ್ತಿರುವವರಿಗೊಂದು ಸೂಚನೆ. ಗೌಂಡಿಗಳು ಕಾಂಪೌಂಡ್ ಗೋಡೆಯ ಬುಡದಲ್ಲಿ ಆರೆಂಟು ಅಡಿಗೊಂದು ಕಿಂಡಿ ಬಿಡುತ್ತಾರೆ. ನೀರು ನಿಂತು ಗೋಡೆ ಬೀಳದಿರಲೆಂದು ಅವರ ಕಾಳಜಿ. ಒಳಗೆ ಲಕ್ಷಗಟ್ಟಲೆ ಸುರಿದು ಗಟಾರ, ಹೊಂಡ ಮಾಡಿಸಿದ ಮೇಲೂ ಕೆಂಪು ನೀರು ಪಕ್ಕದ ಹತ್ತಿ ಹೊಲಕ್ಕೆ ಇಳಿಯುವುದು ಬಹಳ ಸಲ ಆ ಕಿಂಡಿಗಳಿಂದ. ಗೋಡೆಯ ಹೊರಮೈ ಸುತ್ತು ಹಾಕಿ ಬನ್ನಿ. ಕಿಂಡಿಯ ಕೆಳಗೆ ಕೆಂಪು ಅಥವಾ ಕಪ್ಪು ಕಲೆ ಇಳಿದಿದ್ದರೆ ಅದೂ ಒಂದು ಹೊರದಾರಿಯೇ, ನಕ್ಷೆಯಲ್ಲಿ ಇರಲಿ ಬಿಡಲಿ.

ಹೊಂಡ ಎಷ್ಟು ದೊಡ್ಡದಿರಬೇಕು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಸ್ಪಾಂಜ್ ಐರನ್ ಸೇರಿದಂತೆ ಹಲವು ಉದ್ಯಮಗಳಿಗೆ ಪರಿಸರ ಸಂರಕ್ಷಣಾ ನಿಯಮಗಳಡಿ ಕೇಂದ್ರ ಹೊರಡಿಸಿದ ಮಾನದಂಡಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಮಳೆನೀರು ತ್ಯಾಜ್ಯನೀರಿನೊಡನೆ ಬೆರೆಯಬಾರದು, ಪ್ರತ್ಯೇಕ ಗಟಾರದಲ್ಲಿ ಹರಿಯಬೇಕು, ಎಚ್‌ಡಿಪಿಇ ಹಾಳೆ ಹಾಸಿದ ಹೊಂಡದ ಮೂಲಕ ಹಾಯಬೇಕು, ಆ ಹೊಂಡ ಗಂಟೆಯ ಸರಾಸರಿ ಲೆಕ್ಕದಲ್ಲಿ 10 ನಿಮಿಷದ ಮಳೆಯನ್ನು ಹಿಡಿಯುವಷ್ಟಿರಬೇಕು. ಹಾಳೆ ಯಾವುದೆಂದು ತಲೆಕೆಡಿಸಿಕೊಳ್ಳಬೇಡಿ, ಕೃಷಿಹೊಂಡಕ್ಕೆ ಹಾಸುವ ಜಾತಿಯದೇ, ದಪ್ಪ ಹೆಚ್ಚಿರಲಿ.

ಲೆಕ್ಕ ಹೀಗೆ. ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ, 10,000 ಚದರ ಮೀಟರ್. ಗಂಟೆಗೆ 30 ಮಿ.ಮೀ. ಮಳೆ ಎಂದುಕೊಂಡರೆ 10 ನಿಮಿಷಕ್ಕೆ 5 ಮಿ.ಮೀ. ಅಂದರೆ 50 ಘನ ಮೀಟರ್ ನೀರು. ಗಟ್ಟಿ ನೆಲದ ಮೇಲೆ ಬಿದ್ದದ್ದರಲ್ಲಿ ಹತ್ತಕ್ಕೆ ಎಂಟು ಪಾಲು ಹರಿಯುತ್ತದೆಂದು ಹಿಡಿದರೆ 40 ಘನ ಮೀಟರ್. 6 ಮೀಟರ್ ಉದ್ದ, 4.5 ಮೀಟರ್ ಅಗಲ, 1.5 ಮೀಟರ್ ಆಳದ ಹೊಂಡ ಸಾಕಾಗುತ್ತದೆ. ಹೂಳಿಗೆ ಅರ್ಧ ಮೀಟರ್ ಆಳ ಮೇಲಿಂದ ಸೇರಿಸಿ. ಇಲ್ಲದಿದ್ದರೆ ಎರಡನೇ ಮಳೆಗೇ ಹೊಂಡ ಅರ್ಧವಾಗಿರುತ್ತದೆ.

ಆ 30 ಮಿ.ಮೀ. ಎಂಬ ಅಂಕಿಯನ್ನು ನಾನು ಉದಾಹರಣೆಗೆ ಹೇಳಿದ್ದು. ನಿಮ್ಮ ಹೋಬಳಿಯ ಅಂಕಿ ನೋಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, 15 ನಿಮಿಷಕ್ಕೊಮ್ಮೆ ಮಳೆ ದಾಖಲಾಗುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಅತಿ ಜೋರಾಗಿ ಬಿದ್ದ ಒಂದು ಗಂಟೆಯನ್ನು ಹಿಡಿದು ಲೆಕ್ಕ ಹಾಕಿ.

ಹಾಗಂತ ಈ ಹೊಂಡ ಇಡೀ ಮಳೆಯನ್ನು ಹಿಡಿಯುತ್ತದೆಂಬ ಭ್ರಮೆ ಬೇಡ. ಗಂಟೆಗೆ 50 ಮಿ.ಮೀ. ಬಿದ್ದರೆ ಅದೇ ಒಂದು ಹೆಕ್ಟೇರಿನಿಂದ 400 ಘನ ಮೀಟರ್, ನಾಲ್ಕು ಲಕ್ಷ ಲೀಟರ್ ಹರಿಯುತ್ತದೆ. 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಲ್ಲಿ 80 ಲೋಡು. ನಿಯಮದ ಹೊಂಡ ಕನಿಷ್ಠ ಅಳತೆ ಅಷ್ಟೇ. ಜಾಗವಿದ್ದವರು ಇನ್ನೂ ದೊಡ್ಡದು ಮಾಡಿ ಆ ನೀರನ್ನು ಧೂಳಿಗೆ ಚಿಮುಕಿಸಲು, ಸ್ಲ್ಯಾಗ್ (ಕುಲುಮೆಯ ಕಿಟ್ಟ) ತಣಿಸಲು ಬಳಸುವುದು ಜಾಣತನ. ಬೇಸಿಗೆಯಲ್ಲಿ ಧೂಳಿಗೆ ನೀರಿಲ್ಲವೆಂದು ಗೋಳಾಡುವವರೂ ನಾವೇ ತಾನೆ?

ಮೊದಲ ಮಳೆಯ ನೀರನ್ನು ಬೇರೆ ಮಾಡಿ ಎನ್ನುತ್ತಾರೆ. ಹೇಗೆ?

ಹೊಂಡದ ಮುಂದೆ ಗಟಾರಕ್ಕೆ ಎರಡು ಬಾಯಿ ಮಾಡಿ, ಎರಡಕ್ಕೂ ಗೇಟು ಅಥವಾ ವಾಲ್ವ್ ಕೂರಿಸಿ. ಮಾಮೂಲಿ ಸ್ಥಿತಿಯಲ್ಲಿ ಹೊಂಡದ ಬಾಯಿ ತೆರೆದಿರಬೇಕು, ಹೊರಗಿನದು ಮುಚ್ಚಿರಬೇಕು. ಮೊದಲ ಮಳೆಯ ಕೊಳೆನೀರು ಹೊಂಡಕ್ಕೆ ಹೋದ ಮೇಲೆ, ನೀರು ತಿಳಿಯಾಗಿದ್ದರೆ ಮಾತ್ರ ಹೊರಬಾಯಿ ತೆರೆಯಬಹುದು. ಇದನ್ನು ಅದಲುಬದಲು ಮಾಡಿಕೊಂಡವರು ಬಹಳ. ಹೊರಬಾಯಿ ವರ್ಷವಿಡೀ ತೆರೆದಿರುತ್ತದೆ, ಮಳೆ ಬಂದಾಗ ಯಾರಾದರೂ ಓಡಿಹೋಗಿ ಮುಚ್ಚುತ್ತಾರೆಂಬ ನಂಬಿಕೆ. ರಾತ್ರಿ ಎರಡು ಗಂಟೆಗೆ, ಕರೆಂಟು ಹೋಗಿ, ಗಾಳಿಗೆ ತಗಡು ಹಾರುವ ಹೊತ್ತಿಗೆ ಯಾರೂ ಓಡುವುದಿಲ್ಲ.

ವಾಲ್ವಿನ ಚಕ್ರವನ್ನು ಮೇ ತಿಂಗಳಲ್ಲೇ ತಿರುಗಿಸಿ ನೋಡಿ. ಅದಿರಿನ ಪುಡಿ ಕೂತು, ತುಕ್ಕು ಹಿಡಿದು, ಪೈಪ್ ರೆಂಚ್ ಹಾಕಿದರೂ ಅಲುಗದ ವಾಲ್ವ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗ್ರೀಸ್ ಹಚ್ಚಿ, ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆಂದು ಬಿಳಿ ಪೇಂಟಿನಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ. ರಾತ್ರಿ ಪಾಳಿಯಲ್ಲಿ ಒಡಿಶಾ, ಬಿಹಾರದ ಹುಡುಗರೇ ಹೆಚ್ಚು.

ಸ್ಪಾಂಜ್ ಐರನ್ ಘಟಕದಲ್ಲಿ ಎಲ್ಲಿಂದ ಶುರು ಮಾಡಬೇಕು?

ಚಾರ್‌ನಿಂದ. ಈ ಚಾರ್, ಅಂದರೆ ಡೋಲೋಚಾರ್, ಹಗುರ, ಕಪ್ಪು, ನೀರು ಮುಟ್ಟಿದರೆ ತೇಲಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅದರಲ್ಲಿ ಉರಿಯುವ ಇಂಗಾಲ ಇನ್ನೂ ಉಳಿದಿರುವುದರಿಂದ ಪವರ್ ಪ್ಲಾಂಟ್ ಬಾಯ್ಲರ್‌ಗಳಿಗೆ ಮಾರಾಟವಾಗುತ್ತದೆ. ಅಂದರೆ ಹಳ್ಳಕ್ಕೆ ಹರಿದದ್ದು ನಿಮ್ಮದೇ ದುಡ್ಡು. ಕಾಂಕ್ರೀಟ್ ನೆಲ, ಮೂರು ಕಡೆ ಗೋಡೆ, ಮೇಲೆ ತಗಡು, ಇಷ್ಟಾದರೆ ಅರ್ಧ ಸಮಸ್ಯೆ ಮುಗಿಯಿತು. ತಾಡಪತ್ರಿ ಹೊದಿಸುತ್ತೇವೆ ಎನ್ನುವವರು ಮೊದಲ ಗಾಳಿಗೆ ಅದು ಎಲ್ಲಿರುತ್ತದೆಂದು ಯೋಚಿಸಲಿ.

ಇಎಸ್‌ಪಿ ಮತ್ತು ಬ್ಯಾಗ್ ಫಿಲ್ಟರ್ ಎಂಬ ಹೊಗೆ ಸೋಸುವ ಯಂತ್ರಗಳ ಧೂಳನ್ನು ಸೈಲೋದಿಂದ ನೇರ ಟ್ಯಾಂಕರ್‌ಗೆ ಇಳಿಸಿ. ನೆಲಕ್ಕೆ ಸುರಿದು ಆಮೇಲೆ ಲೋಡರ್‌ನಲ್ಲಿ ಎತ್ತುವ ಪದ್ಧತಿಯಿಂದಲೇ ಗಟಾರಗಳು ತುಂಬುವುದು.

ಅದಿರಿನ ಫೈನ್ಸ್ (ಸಣ್ಣ ಪುಡಿ) ವಿಷಯ ಸ್ವಲ್ಪ ಸೂಕ್ಷ್ಮ. ಅದಿರು ಭಾರ, ಹೊಂಡದಲ್ಲಿ ಬೇಗ ಕೂರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹರಳಿನ ಮಟ್ಟಿಗೆ ಸರಿ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಮರಳಿನ ಕಣ ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು. ಆದರೆ ಅದಿರಿಗೆ ಅಂಟಿ ಬರುವ ಜೇಡಿಯ ಕಣ ಅದರ ಐವತ್ತನೇ ಒಂದು ಭಾಗ. ಅದಕ್ಕೆ ಅದೇ ಒಂದು ಮೀಟರ್ ಇಳಿಯಲು ನಿಂತ ನೀರಿನಲ್ಲೂ ಮೂರು ದಿನ ಬೇಕು. ಹಾಗಾಗಿಯೇ ಹೊಂಡ ದಾಟಿದ ಮೇಲೂ ನೀರು ಕೆಂಪಗೇ ಇರುತ್ತದೆ. ಹೊಂಡವನ್ನು ಅಡ್ಡಗೋಡೆಗಳಿಂದ ಮೂರು ಕೋಣೆ ಮಾಡಿ ನೀರನ್ನು ಬಳಸಿ ಹರಿಸುವುದು, ಮೊದಲ ನೀರನ್ನು ಹೊರಬಿಡದೆ ಮರುಬಳಕೆ ಮಾಡುವುದು, ಬಿಡಲೇಬೇಕಾದರೆ ಆಲಮ್ (ಪಟಿಕ) ಹಾಕಿ ಕೂರಿಸಿ ಬಿಡುವುದು, ಇವೇ ದಾರಿ. ಹೊಂಡವನ್ನು ಸುಮ್ಮನೆ ಆಳ ಮಾಡುವುದರಿಂದ ಜೇಡಿ ಕೂರುವುದಿಲ್ಲ.

ಬ್ಲಾಸ್ಟ್ ಫರ್ನೇಸ್, ಇಂಡಕ್ಷನ್ ಫರ್ನೇಸ್ ಇದ್ದವರು ಸ್ಲ್ಯಾಗ್ ಯಾರ್ಡನ್ನೂ ನೋಡಬೇಕು. ಸುಣ್ಣದ ಅಂಶವಿರುವ ಸ್ಲ್ಯಾಗ್ ರಾಶಿಯಿಂದ ಜಿನುಗುವ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಪಿಎಚ್ (ಆಮ್ಲ, ಕ್ಷಾರದ ಅಳತೆ) 9 ದಾಟಿರಬಹುದು. ಹಳದಿ ಮಿಶ್ರಿತ ಹಸಿರು ಬಣ್ಣ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಗಂಧಕ ಕರಗಿ ಬರುತ್ತಿದೆ ಎಂದರ್ಥ. ಪಿಎಚ್ ಪಟ್ಟಿ ಕೆಲವೇ ರೂಪಾಯಿಗೆ ಸಿಗುತ್ತದೆ, ಒಂದು ಡಬ್ಬಿ ತಂದಿಡಿ.

ಅದಿರು ಗಣಿ, ಸ್ಟಾಕ್‌ಯಾರ್ಡ್‌ಗೂ ಇದೇ ನಿಯಮವೇ?

ಗಣಿಗೆ ಇನ್ನೂ ಬಿಗಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, 2013ರ ಏಪ್ರಿಲ್ ತೀರ್ಪಿನಲ್ಲಿ ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಒಪ್ಪಿತು. ಮತ್ತೆ ಬಾಗಿಲು ತೆರೆಯಬೇಕಾದರೆ ಪ್ರತಿ ಗಣಿಗೂ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ ಕಡ್ಡಾಯವಾಯಿತು. ಡಂಪಿನ (ಗಣಿಯ ತ್ಯಾಜ್ಯ ಮಣ್ಣಿನ ರಾಶಿ) ಬುಡಕ್ಕೆ ತಡೆಗೋಡೆ, ಸುತ್ತ ಗಟಾರ, ಕೊರಕಲುಗಳಿಗೆ ಕಲ್ಲಿನ ಒಡ್ಡು, ಕೆಳಗೆ ಚೆಕ್ ಡ್ಯಾಂ, ಹೂಳು ಕೂರುವ ಹೊಂಡ, ಎಲ್ಲವೂ ಅದರಲ್ಲಿ ಬರುತ್ತವೆ. ಸಂಡೂರಿನ ಗುಡ್ಡಗಳಿಂದ ಇಳಿದ ನೀರು ಕೊನೆಗೆ ತಲುಪುವುದು ಕೆರೆಗಳಿಗೆ, ಹಳ್ಳಗಳಿಗೆ, ಹೊಳೆಗೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105.788 ಟಿಎಂಸಿ. ಅಷ್ಟೂ ಗಣಿಯ ಹೂಳಲ್ಲ, ಮೇಲಿನ ಇಡೀ ಸೀಮೆಯ ಹೊಲ ಗುಡ್ಡಗಳ ಮಣ್ಣು ಅದರಲ್ಲಿದೆ. ಆದರೆ ನಮ್ಮ ಪಾಲನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ರಸ್ತೆ ಬದಿಯ, ರೈಲ್ವೆ ಸೈಡಿಂಗ್ ಬದಿಯ ಸ್ಟಾಕ್‌ಯಾರ್ಡ್‌ಗಳು ಗಣಿಯಷ್ಟೇ ಕೆಸರು ಬಿಡುತ್ತವೆ. ಟೈರ್ ತೊಳೆಯುವ ವ್ಯವಸ್ಥೆ ಗೇಟಿನ ಒಳಗಿರಲಿ, ಆ ನೀರು ಅಲ್ಲೇ ತಿರುಗುತ್ತಿರಲಿ.

ನಮ್ಮದು ರೈಸ್ ಮಿಲ್. ಭತ್ತದಲ್ಲಿ ಏನು ವಿಷ ಇದೆ?

ವಿಷ ಇಲ್ಲ. ಆದರೆ ಕುಸುಬಲಕ್ಕಿ ಮಾಡುವವರು ಭತ್ತ ನೆನೆಸಿದ ನೀರನ್ನು ಮಣ್ಣಿನ ಗುಂಡಿಗೆ ಬಿಟ್ಟು, ಮಳೆಗಾಲದಲ್ಲಿ ಅದು ತುಂಬಿ ಹರಿದರೆ ಊರ ಮೂಗು ಮುಚ್ಚಿಕೊಳ್ಳುತ್ತದೆ. ಆ ನೀರಿನಲ್ಲಿ ಕೊಳೆಯುವ ಅಂಶ ಬಹಳ, ಅದು ಸೇರಿದ ಕುಂಟೆಯಲ್ಲಿ ಆಮ್ಲಜನಕ ಇಳಿದು ಮೀನು ಸಾಯುತ್ತವೆ. ಇನ್ನೊಂದು ಹೊಟ್ಟಿನ ಬೂದಿ. ಬಾಯ್ಲರ್ ಹಿಂದೆ ಬಯಲಲ್ಲಿ ಸುರಿದ ಬೂದಿ ಮಳೆಗೆ ಕರಿ ರಾಡಿಯಾಗಿ ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಗೆ ಹೋಯಿತೆಂದರೆ ನಿಮಗೆ ಮಂಡಳಿಯ ಜೊತೆ ನೀರಾವರಿ ಇಲಾಖೆಯೂ ಗಂಟುಬೀಳುತ್ತದೆ. ಕಾಲುವೆ ನೀರು ಕೆಡಿಸುವುದು 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿ ಅಪರಾಧ.

ಜೀನ್ಸ್ ವಾಷಿಂಗ್ ಘಟಕಕ್ಕೆ?

ಒಳಗಿನ ನೀರೆಲ್ಲ ಇಟಿಪಿಗೆ ಹೋಗುತ್ತದೆ, ಸರಿ. ಅಂಗಳ ನೋಡಿ. ಖಾಲಿ ನೀಲಿ ಡ್ರಮ್ಮುಗಳನ್ನು ಬಯಲಲ್ಲಿ ತೊಳೆದು ಬೋರಲು ಹಾಕಿರುತ್ತಾರೆ. ಜೀನ್ಸ್ ಉಜ್ಜಲು ಬಳಸುವ ಪ್ಯೂಮಿಸ್ ಕಲ್ಲಿನ ಬೂದು ಹುಡಿ ಗೋಡೆ ಬದಿಗೆ ರಾಶಿ ಬಿದ್ದಿರುತ್ತದೆ. ಇಟಿಪಿಯ ಸ್ಲಡ್ಜ್ (ತಳದ ರಾಡಿ) ತುಂಬಿದ ಚೀಲಗಳು ಬಿಸಿಲಿಗೆ ಹರಿದು ಬಾಯಿ ಬಿಟ್ಟಿರುತ್ತವೆ. ಮಳೆ ಬಂದರೆ ಗಟಾರದಲ್ಲಿ ನೀಲಿ ಹರಿಯುತ್ತದೆ, ನಿಮ್ಮ ಇಟಿಪಿ ಎಷ್ಟೇ ಚೆನ್ನಾಗಿರಲಿ. ಸಮ್ಮತಿ ಪತ್ರದಲ್ಲಿ ಅಪಾಯಕಾರಿ ತ್ಯಾಜ್ಯವೆಂದು ನಮೂದಾದ ಸ್ಲಡ್ಜನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಇಟ್ಟಷ್ಟು ದಿನವೂ ಸೂರಿನಡಿ, ಕಾಂಕ್ರೀಟ್ ನೆಲದ ಮೇಲೆ ಇರಬೇಕು.

ಯಾರ್ಡಿನ ಮಳೆನೀರನ್ನು ಇಂಗುಗುಂಡಿಗೆ, ಹಳೇ ಬೋರಿಗೆ ಬಿಡಬಹುದೇ? ಅಂತರ್ಜಲ ಹೆಚ್ಚುತ್ತದಲ್ಲ?

ಯಾರ್ಡಿನ ನೀರನ್ನು ಬಿಡಲೇಬಾರದು. ಹಳ್ಳಕ್ಕೆ ಬಿಟ್ಟ ಕೊಳೆ ಮುಂದಿನ ಮಳೆಗೆ ತೊಳೆದಾದರೂ ಹೋದೀತು, ಬಂಡೆಯ ಬಿರುಕಿಗೆ ಇಳಿಸಿದ್ದು ಹೋಗುವುದಿಲ್ಲ. ಈ ಮೂರು ಜಿಲ್ಲೆಗಳ ಅದೆಷ್ಟೋ ಊರುಗಳಲ್ಲಿ ಬೋರಿನ ನೀರಿನಲ್ಲಿ ಫ್ಲೋರೈಡ್ ಮೊದಲೇ ಹೆಚ್ಚಿದೆ, ಅದರ ಮೇಲೆ ನಮ್ಮದೂ ಬೇಡ. ಆಫೀಸಿನ ಚಾವಣಿಯ ಚೊಕ್ಕ ನೀರನ್ನು ಸೋಸಿ ಇಂಗಿಸಬಹುದು. ಬಣ್ಣ, ರಾಸಾಯನಿಕ, ಔಷಧ ಘಟಕಗಳು ಅದನ್ನೂ ಟ್ಯಾಂಕಿನಲ್ಲಿ ತುಂಬಿಕೊಂಡು ಬಳಸುವುದೇ ಕ್ಷೇಮ.

ಜೋರು ಮಳೆಯಲ್ಲಿ ಇಟಿಪಿ ನೀರನ್ನು ಸ್ವಲ್ಪ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಬಾಯಿಬಿಟ್ಟು ಕೇಳುವವರು ಕಡಿಮೆ, ಆದರೆ ಕೇಳುತ್ತಾರೆ. ಎಲ್ಲರಿಗೂ ಗೊತ್ತಾಗುತ್ತದೆ. ಕೆಳಗಿನ ಊರಿನ ಕುರಿ ಕಾಯುವ ಹುಡುಗನ ಕೈಯಲ್ಲೂ ಇವತ್ತು ಕ್ಯಾಮೆರಾ ಇರುವ ಫೋನಿದೆ. ಮಂಡಳಿಗೆ ಜಲ ಕಾಯ್ದೆಯ 33ಎ ಕಲಮಿನಡಿ ಘಟಕ ಮುಚ್ಚಿಸುವ, ಕರೆಂಟು, ನೀರು ಕಡಿತಗೊಳಿಸುವ ಅಧಿಕಾರವಿದೆ. ಇದಕ್ಕಿಂತ ಹೆಚ್ಚು ಬರೆಯುವುದೇನೂ ಇಲ್ಲ.

ಹೊರಬಿಡುವ ನೀರು ಎಷ್ಟು ಶುದ್ಧವಿರಬೇಕು?

ನಿಮ್ಮ ಸಮ್ಮತಿ ಪತ್ರದಲ್ಲಿ ಏನಿದೆಯೋ ಅದೇ ಅಂತಿಮ. ಹಳ್ಳ, ನದಿ, ಕೆರೆಗೆ ಬಿಡುವ ನೀರಿಗೆ ದೇಶದಾದ್ಯಂತ ಅನ್ವಯಿಸುವ ಸಾಮಾನ್ಯ ಮಾನದಂಡ ಹೀಗಿದೆ: ಪಿಎಚ್ 5.5ರಿಂದ 9, ನೀರಿನಲ್ಲಿ ಬೆರೆತು ತೇಲಾಡುವ ಕಣಗಳು ಲೀಟರಿಗೆ 100 ಮಿ.ಗ್ರಾಂ, ಎಣ್ಣೆ ಮತ್ತು ಗ್ರೀಸ್ 10, ನೀರಿನ ಆಮ್ಲಜನಕ ತಿನ್ನುವ ಕೊಳೆಯ ಅಳತೆಗಳಾದ ಸಿಒಡಿ 250, ಬಿಒಡಿ 30, ಕಬ್ಬಿಣ 3, ಫ್ಲೋರೈಡ್ 2, ಹೆಕ್ಸಾವೇಲೆಂಟ್ ಕ್ರೋಮಿಯಂ 0.1. ಅದಿರು ಯಾರ್ಡಿನವರು ಮೊದಲು ಎಡವುವುದು ಆ 100ರಲ್ಲಿ.

ಸ್ಯಾಂಪಲ್ ಯಾವಾಗ, ಹೇಗೆ ತೆಗೆಯಬೇಕು?

ನೀರು ಹೊರಬೀಳಲು ಶುರುವಾದ ಮೊದಲ ಅರ್ಧ ಗಂಟೆಯೊಳಗೆ, ಹೊರಬಾಯಿಯಲ್ಲೇ. ಮಳೆ ನಿಂತು ಎರಡು ತಾಸಾದ ಮೇಲೆ ತಿಳಿನೀರು ತುಂಬಿ ಲ್ಯಾಬಿಗೆ ಕಳಿಸಿದರೆ ರಿಪೋರ್ಟು ಚಂದ ಬರುತ್ತದೆ, ನಿಮಗೆ ಮಾತ್ರ ಏನೂ ತಿಳಿಯುವುದಿಲ್ಲ. ಮಾನ್ಯತೆ ಪಡೆದ ಲ್ಯಾಬಿನ ಪರೀಕ್ಷೆ ಬೇಕೇ ಬೇಕು. ಅದರ ಜೊತೆಗೆ ಅಗ್ಗದ ಅಭ್ಯಾಸವೊಂದನ್ನು ಇಟ್ಟುಕೊಳ್ಳಿ. ಲೇಬಲ್ ಕಿತ್ತ ಒಂದು ಲೀಟರಿನ ಪಾರದರ್ಶಕ ಬಾಟಲಿಗೆ ನೀರು ತುಂಬಿ, ಬಿಳಿ ಗೋಡೆಯ ಮುಂದೆ ಹಿಡಿದು ಬಣ್ಣ, ವಾಸನೆ, ನೊರೆ, ಮೇಲೆ ಎಣ್ಣೆಯ ಬಣ್ಣದ ಪೊರೆ ನೋಡಿ. ಅಲುಗಾಡಿಸದೆ ಮರುದಿನದವರೆಗೆ ಇಡಿ. ತಳದಲ್ಲಿ ಹರಳು ಕೂತು ಮೇಲೆ ತಿಳಿಯಾಗಿದ್ದರೆ ಸ್ವೀಪಿಂಗ್ ಸರಿಯಿಲ್ಲ. ಮರುದಿನವೂ ಕಿತ್ತಳೆ ಬಣ್ಣವೇ ಇದ್ದರೆ ಜೇಡಿ. ಮೇಲೆ ಕಪ್ಪು ಪುಡಿ ತೇಲುತ್ತಿದ್ದರೆ ಚಾರ್ ಶೆಡ್ಡಿಗೆ ಹೋಗಿ. ದಿನಾಂಕ ಹಾಕಿ ಫೋಟೋ ತೆಗೆದಿಡಿ.

ಬೋರ್ಡ್‌ನವರು ಕಾನೂನು ಕ್ರಮಕ್ಕೆಂದು ಸ್ಯಾಂಪಲ್ ತೆಗೆಯುವಾಗ ಜಲ ಕಾಯ್ದೆಯ 21ನೇ ಕಲಮಿನಂತೆ ನಿಮಗೆ ನೋಟಿಸ್ ಕೊಟ್ಟು, ನಿಮ್ಮೆದುರೇ ಎರಡು ಪಾಲು ಮಾಡಿ, ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ನಿಮ್ಮ ಕಡೆಯವರು ಅಲ್ಲಿರಲಿ. ಗೇಟಿಗೆ ಬೀಗ ಹಾಕಿ "ಸಾಹೇಬರು ಊರಲ್ಲಿಲ್ಲ" ಎನ್ನುವುದು ನಿಮಗೇ ತಿರುಗುಬಾಣ.

ಯಾವ ಕಾಗದ ಇಟ್ಟುಕೊಂಡಿರಬೇಕು?

ಗಟಾರ, ಇಳಿಜಾರು, ಹೊಂಡ, ಹೊರಬಾಯಿ ತೋರಿಸುವ ಒಂದು ನಕ್ಷೆ. ಹೊಂಡದ ಅಳತೆಯ ಲೆಕ್ಕ. ಹೂಳು ತೆಗೆದ ರಿಜಿಸ್ಟರ್. ಮಳೆ ಬಿದ್ದ ದಿನಗಳ ಪುಸ್ತಕ. ಲ್ಯಾಬ್ ವರದಿ. ಸಮ್ಮತಿ ನವೀಕರಣಕ್ಕೆ ಅರ್ಜಿ ಹಾಕುವಾಗ ನಕ್ಷೆ ಹಳೆಯದೇ ಇರುತ್ತದೆ, ಯಾರ್ಡ್ ಮಾತ್ರ ಎರಡು ಪಟ್ಟು ಬೆಳೆದಿರುತ್ತದೆ. ಅಧಿಕಾರಿ ಮೊದಲು ಹಿಡಿಯುವುದೇ ಅದನ್ನು.

ಹೊಂಡದಿಂದ ತೆಗೆದ ಹೂಳು ಎಲ್ಲಿ ಹಾಕಬೇಕು?

ಹೊಂಡದ ದಡಕ್ಕಂತೂ ಅಲ್ಲ, ಮುಂದಿನ ಮಳೆಗೆ ಅದು ವಾಪಸ್ ಹೊಂಡದಲ್ಲೇ. ಅದಿರಿನ ಹೂಳು ಅದಿರಿನ ಪುಡಿಯನ್ನು ಗಟ್ಟಿ ಮಾಡುವ ಪೆಲೆಟ್, ಸಿಂಟರ್ ಘಟಕಕ್ಕೆ ಹೋಗಬಹುದು, ಬೂದಿ ಇಟ್ಟಿಗೆಗೆ. ಎಣ್ಣೆ, ಬಣ್ಣ ಬೆರೆತದ್ದನ್ನು ಅಪಾಯಕಾರಿ ತ್ಯಾಜ್ಯವೆಂದೇ ನೋಡಿ.

ಪಕ್ಕದ ಘಟಕದ ನೀರು ನಮ್ಮೊಳಗೆ ಬರುತ್ತದೆ. ನಾವೇಕೆ ಹೊಣೆ?

ನಿಮ್ಮ ಹೊರಬಾಯಿಯಿಂದ ಹೋದರೆ ಮೊದಲ ಪ್ರಶ್ನೆ ನಿಮಗೇ. ಗಡಿಯಲ್ಲಿ ಗಟಾರ ಹಾಕಿ ತಿರುಗಿಸಿ, ಫೋಟೋ ಸಮೇತ ಮಂಡಳಿಗೂ, ಕೈಗಾರಿಕಾ ಪ್ರದೇಶವಾದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೂ (ಕೆಐಎಡಿಬಿ) ಬರೆದು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಜಗಳದಿಂದ ಏನೂ ಆಗದು.

"ಮಳಿ ಬಂದಾಗೊಮ್ಮೆ ಫ್ಯಾಕ್ಟರಿ ಕಡೆಯಿಂದ ಕೆಂಪು ನೀರು ನಮ್ಮ ಹೊಲಕ್ಕ ನುಗ್ಗತೈತಿ. ಯಾರಿಗೆ ಹೇಳಬೇಕ್ರಿ?"

ಮೊದಲು ಮಂಡಳಿಯ ಪ್ರಾದೇಶಿಕ ಕಚೇರಿಗೆ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಕಚೇರಿ ಇದೆ. ಅರ್ಜಿ ಕನ್ನಡದಲ್ಲೇ ಬರೆಯಿರಿ, ಸರ್ವೆ ನಂಬರ್, ದಿನಾಂಕ, ಮಳೆ ಬಿದ್ದ ಹೊತ್ತು ನಮೂದಿಸಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ ಕೊಟ್ಟು ಎರಡಕ್ಕೂ ಸ್ವೀಕೃತಿ ಸಹಿ ಪಡೆಯಿರಿ. ಫೋಟೋ ತೆಗೆಯುವಾಗ ನೀರು ಮಾತ್ರ ಸಾಲದು. ಅದು ಯಾವ ಗೋಡೆಯಿಂದ, ಯಾವ ಕಿಂಡಿಯಿಂದ ಬಂತೆಂಬುದು ಒಂದೇ ಚೌಕಟ್ಟಿನಲ್ಲಿ ಕಾಣಬೇಕು. ಬೆಳೆ ಹಾನಿಯಾಗಿದ್ದರೆ ಕೃಷಿ ಇಲಾಖೆಯವರಿಂದ, ಗ್ರಾಮ ಆಡಳಿತಾಧಿಕಾರಿಯಿಂದ ಪಂಚನಾಮೆ ಮಾಡಿಸಿ. ಮಣ್ಣಿನ ಪರೀಕ್ಷೆ ಮಾಡಿಸುವುದಾದರೆ ನೀರು ನುಗ್ಗಿದ ಜಾಗದ್ದೂ, ನುಗ್ಗದ ಮೂಲೆಯದ್ದೂ ಎರಡೂ ಬೇಕು. ಒಂದೇ ಇದ್ದರೆ ಹೋಲಿಸಲು ಏನೂ ಇರದು.

ಇಷ್ಟಕ್ಕೂ ಆಗದಿದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಮಾಲಿನ್ಯದ ದೂರಿಗೆ ಆರು ತಿಂಗಳು, ಪರಿಹಾರದ ಕೋರಿಕೆಗೆ ಐದು ವರ್ಷ ಕಾಲಮಿತಿ. ಘಟಕದವರಿಗೂ ಒಂದು ಮಾತು. ಇಂಥ ರೈತ ಬಾಗಿಲಿಗೆ ಬಂದಾಗ ಗೇಟಿನಲ್ಲೇ ಕಾಯಿಸದೆ ಹೊಂಡದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ. ಎಷ್ಟೋ ಅರ್ಜಿಗಳು ಅಲ್ಲಿಗೇ ಮುಗಿಯುತ್ತವೆ, ಹೊಂಡ ನಿಜಕ್ಕೂ ಇದ್ದರೆ.

ಹೊಂಡ ಒಡೆದು ನೀರು ಹಳ್ಳಕ್ಕೆ ಹೋಗೇಬಿಟ್ಟಿತು. ಈಗೇನು ಮಾಡುವುದು?

ಒಡಕಿಗೆ ಮರಳಿನ ಚೀಲ ಹಾಕಲು ಇಬ್ಬರನ್ನು ಬಿಟ್ಟು, ನೀವು ಫೋನ್ ಎತ್ತಿ. ಮೊದಲು ಕೆಳಭಾಗದ ಪಂಚಾಯಿತಿಗೆ. ಹಳ್ಳದ ದಂಡೆಯಲ್ಲಿ ಕುಡಿಯುವ ನೀರಿನ ಬಾವಿ, ಬೋರು ಇದ್ದರೆ ನೀರಗಂಟಿ ಆ ಮೋಟರ್ ನಿಲ್ಲಿಸಬೇಕು, ದನಕರು ಹಳ್ಳಕ್ಕಿಳಿಯದಂತೆ ಡಂಗುರ ಸಾರಬೇಕು ಅಥವಾ ಮೈಕಿನಲ್ಲಿ ಹೇಳಿಸಬೇಕು. ಆಮೇಲೆ ಮಂಡಳಿಗೆ. ಅಪಘಾತದಿಂದ ಮಲಿನ ನೀರು ಹೊರಹೋದರೆ ಕೂಡಲೇ ತಿಳಿಸುವುದು ಜಲ ಕಾಯ್ದೆಯ 31ನೇ ಕಲಮಿನಡಿ ಘಟಕದ ಹೊಣೆ. ಹೊಂಡದ ನೀರಿನದೂ, ಹಳ್ಳದ ಮೇಲ್ಭಾಗ, ಕೆಳಭಾಗದ್ದೂ ಸ್ಯಾಂಪಲ್ ಅದೇ ದಿನ ತೆಗೆದಿಡಿ. ಏನು ಹೋಯಿತು, ಅಂದಾಜು ಎಷ್ಟು, ಎಷ್ಟು ಗಂಟೆಗೆ, ಯಾರಿಗೆ ಯಾವಾಗ ತಿಳಿಸಿದಿರಿ ಎಂದು ಅಂದೇ ರಾತ್ರಿ ಬರೆದು ಸಹಿ ಹಾಕಿ. ಮರುದಿನ ಬೆಳಿಗ್ಗೆ ಅಧಿಕಾರಿ ಬಂದಾಗ ಕೈಗೆ ಕೊಡಬೇಕಾದ ಮೊದಲ ಹಾಳೆ ಅದು.